ಪಗಾರದ ಕ್ರಿಯಾಪದ: ಸ್ಪ್ಯಾನಿಷ್ ಆಜ್ಞಾರೂಪಗಳ ಕಾಗುಣಿತದ ಹಿಂದಿನ ಚರಿತ್ರೆ

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರಿಗೆ 'ಪಗಾರ' ಎಂಬ ಪದದ ಅರ್ಥವನ್ನು ಹೇಳಬೇಕಾಗಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿಯೂ ಸಂಬಳಕ್ಕೆ ಇದೇ ಹೆಸರು. ಮರಾಠಿಯಿಂದ ನಮಗೆ ಬಂದ ಈ ಪದ ಮರಾಠಿಗೆ ಬಂದದ್ದು ಪೋರ್ಚುಗೀಸಿನಿಂದ. ಅಲ್ಲಿ 'ಪಗಾರ್' ಎಂಬುದು ಕ್ರಿಯಾಪದ. 'ಹಣ ಸಲ್ಲಿಸು' ಎಂದು ಅದರ ಅರ್ಥ. ಪೋರ್ಚುಗೀಸಿನ ಸೋದರಭಾಷೆಯಾದ ಸ್ಪ್ಯಾನಿಷಿನಲ್ಲಿಯೂ ಅದೇ ಪದ ಅದೇ ಅರ್ಥದಲ್ಲಿ ಇದೆ. ಸ್ಪ್ಯಾನಿಷ್ ಕಲಿಯಲು ಹೊರಟವರಿಗೆ ಮೊದಲ ತಿಂಗಳುಗಳಲ್ಲಿಯೇ ತಲೆನೋವು ತರುವ ಕ್ರಿಯಾಪದಗಳ ಗುಂಪಿನಲ್ಲಿ ಈ ಪಗಾರ್ ಕೂಡ ಒಂದು ಎಂಬುದು ನಮಗೆ ಸ್ವಾರಸ್ಯವಾಗಿ ಕಂಡಿತು. ಆ ತಲೆನೋವಿನ ಹಿಂದೆ ಎರಡು ಸಾವಿರ ವರ್ಷಗಳ ಚರಿತ್ರೆಯಿದೆ. ಅದನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸುತ್ತೇವೆ.

ಮೊದಲಿಗೆ ಒಂದು ಸೂಚನೆ. ಸ್ಪ್ಯಾನಿಷ್ ಪದಗಳನ್ನು ಇಲ್ಲಿ ಉಚ್ಚಾರಣೆಗೆ ಹತ್ತಿರವಾಗಿ ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ. ಒತ್ತು ಬೀಳುವ ಸ್ವರವನ್ನು ಸಾಮಾನ್ಯವಾಗಿ ದೀರ್ಘವಾಗಿ ತೋರಿಸಿದ್ದೇವೆ. ರೋಮನ್ ಅಕ್ಷರಗಳನ್ನು ನಾವೆಲ್ಲ ಇಂಗ್ಲಿಷಿನಿಂದ ಬಲ್ಲ ಹೆಸರುಗಳಿಂದಲೇ ಕರೆಯುತ್ತೇವೆ: ಸಿ, ಜಿ, ಕ್ಯು, ಯು, ಝೆಡ್ ಇತ್ಯಾದಿ.

ತೊಡಕು ಎಲ್ಲಿದೆ?

ಸ್ಪ್ಯಾನಿಷಿನಲ್ಲಿ ಆಪ್ತರಿಗೆ ಹೇಳುವ ಮಾತು ಬೇರೆ, ಗೌರವದಿಂದ ಹೇಳುವ ಮಾತು ಬೇರೆ. ಗೆಳೆಯನಿಗೆ 'ಹಣ ಕೊಡು' ಎನ್ನಬೇಕಾದರೆ 'ಪಾಗ'. ಅಪರಿಚಿತರಿಗೋ ಹಿರಿಯರಿಗೋ 'ಹಣ ಕೊಡಿ' ಎನ್ನಬೇಕಾದರೆ 'ಪಾಗೆ'. 'ಹುಡುಕು' ಎಂಬುದಕ್ಕೆ 'ಬೂಸ್ಕ', 'ಹುಡುಕಿ' ಎಂಬುದಕ್ಕೆ 'ಬೂಸ್ಕೆ'. ಕನ್ನಡ ಲಿಪಿಯಲ್ಲಿ ಬರೆದಾಗ ಇಲ್ಲಿ ತೊಡಕೇನೂ ಕಾಣುವುದಿಲ್ಲ. ಕೊನೆಯ ಅಕಾರ ಎಕಾರವಾಯಿತು, ಅಷ್ಟೇ.

ರೋಮನ್ ಲಿಪಿಯಲ್ಲಿ ಹಾಗಲ್ಲ. 'ಬೂಸ್ಕ' ಎಂಬಲ್ಲಿ ಕಕಾರವನ್ನು ಸಿ ಅಕ್ಷರದಿಂದ ಬರೆಯುತ್ತಾರೆ. ಆದರೆ ಸಿ ಅಕ್ಷರದ ಮುಂದೆ ಎಕಾರ ಬಂದರೆ ಅದು ಕಕಾರವಾಗಿ ಉಳಿಯದೆ ಸಕಾರವಾಗುತ್ತದೆ. ಆಗ 'ಬೂಸ್ಕೆ' ಎಂಬುದನ್ನು 'ಬೂಸ್ಸೆ' ಎಂದು ಓದಬೇಕಾದೀತು. ಆದ್ದರಿಂದ ಸಿ ಯನ್ನು ಬಿಟ್ಟು ಕ್ಯು ಮತ್ತು ಯು ಎಂಬ ಎರಡಕ್ಷರಗಳನ್ನು ತಂದಿಡಬೇಕು. ಆ ಯು ಮೌನವಾಗಿರಬೇಕು. 'ಪಾಗೆ'ಯಲ್ಲಿ ಜಿ ಅಕ್ಷರದ ಪಕ್ಕದಲ್ಲಿ ಒಂದು ಮೌನ ಯು ಬೇಕು; ಇಲ್ಲವಾದರೆ ಅದು ಗಂಟಲಿನಿಂದ ಹೊರಡುವ 'ಪಾಹೆ' ಆಗುತ್ತದೆ. 'ಆರಂಭಿಸು' ಎಂಬರ್ಥದ 'ಎಂಪ್ಯೇಸ'ದಲ್ಲಿ ಝೆಡ್. ಗೌರವದ 'ಎಂಪ್ಯೇಸೆ'ಯಲ್ಲಿ ಸಿ. 'ಆರಿಸಿಕೋ, ಎತ್ತಿಕೋ' ಎಂಬರ್ಥದ 'ರೆಕೋಹೆ'ಯಲ್ಲಿ ಜಿ. ಗೌರವದ 'ರೆಕೋಹ'ದಲ್ಲಿ ಜೆ. 'ಹಿಂಬಾಲಿಸು' ಎಂಬರ್ಥದ 'ಸೀಗೆ'ಯಲ್ಲಿ ಇರುವ ಮೌನ ಯು, ಗೌರವದ 'ಸೀಗ'ದಲ್ಲಿ ಬಿದ್ದುಹೋಗುತ್ತದೆ. 'ವಿಚಾರಿಸಿ ತಿಳಿ' ಎಂಬರ್ಥದ 'ಅಬೆರಿಗ್ವಾರ್' ಕ್ರಿಯಾಪದಕ್ಕೆ ಇನ್ನೊಂದು ಬಗೆಯ ಉಪಚಾರ: ಅದರ ಯು ಮೌನವಲ್ಲ, ನಿಜವಾಗಿ ನುಡಿಯುವಂಥದು. ಆದ್ದರಿಂದ 'ಅಬೆರೀಗ್ವೆ' ಎನ್ನುವಾಗ ಆ ಯು ಮೇಲೆ ಎರಡು ಚುಕ್ಕೆಗಳನ್ನಿಟ್ಟು, ಇದನ್ನು ಓದಬೇಕು ಎಂದು ತಿಳಿಸುತ್ತಾರೆ.

ವ್ಯಾಕರಣ ಪುಸ್ತಕಗಳು ಇವನ್ನು 'ಕಾಗುಣಿತ ಬದಲಾಗುವ ಕ್ರಿಯಾಪದಗಳು' ಎಂದು ಪ್ರತ್ಯೇಕ ಪಟ್ಟಿಯಾಗಿ ಕೊಡುತ್ತವೆ. 'ಅಪರಾಧ ಮಾಡು' ಎಂಬರ್ಥದ 'ದೆಲಿಂಕೀರ್' ಕೂಡ ಆ ಪಟ್ಟಿಯಲ್ಲಿ ಇರುತ್ತದೆ. 'ದಯವಿಟ್ಟು ಅಪರಾಧ ಮಾಡಿ' ಎಂದು ಯಾರು ಯಾರಿಗೆ ಗೌರವದಿಂದ ಹೇಳುವರೋ ತಿಳಿಯದು. ಆದರೂ ವಿದ್ಯಾರ್ಥಿಗಳು 'ದೆಲೀಂಕ' ಎಂಬ ರೂಪವನ್ನು ಬಾಯಿಪಾಠ ಮಾಡುತ್ತಾರೆ. ಪಟ್ಟಿಯಾಗಿ ಕಲಿತವರಿಗೆ ಇವೆಲ್ಲ ಅಪವಾದಗಳು. ನಿಜಕ್ಕೂ ಇಲ್ಲಿ ಅಪವಾದವೇ ಇಲ್ಲ. ಇವುಗಳ ಧಾತುವಿನ ಕೊನೆಯ ವ್ಯಂಜನದ ಧ್ವನಿ ಒಂದು ಕಡೆಯೂ ಬದಲಾಗಿಲ್ಲ. ಅದು ಬದಲಾಗದಿರಲೆಂದೇ ಅಕ್ಷರ ಬದಲಾಗಿದೆ. ಹೀಗೇಕೆ ಆಯಿತು ಎಂಬುದೇ ನಮ್ಮ ಪ್ರಶ್ನೆ.

ಎರಡಾಗಿ ಒಡೆದ ಅಕ್ಷರಗಳು

ಶಿಷ್ಟ ಲ್ಯಾಟಿನ್ನಿನಲ್ಲಿ ಸಿ ಅಕ್ಷರಕ್ಕೆ ಒಂದೇ ಧ್ವನಿ, ಕಕಾರ. ನಾವು ಇಂಗ್ಲಿಷಿನ ಮೂಲಕ 'ಸಿಸೆರೊ' ಎನ್ನುವ ವಾಗ್ಮಿ ತನ್ನ ಕಾಲದಲ್ಲಿ 'ಕಿಕೆರೊ' ಆಗಿದ್ದ. ಜಿ ಅಕ್ಷರ ರೋಮನ್ನರ ವರ್ಣಮಾಲೆಗೆ ಸೇರಿದ್ದು ಕ್ರಿ.ಪೂ. 3ನೆಯ ಶತಮಾನದಲ್ಲಿ, ಅದಕ್ಕೂ ಒಂದೇ ಧ್ವನಿ, ಗಕಾರ. ಅಂದಿನ ಲ್ಯಾಟಿನ್ನಿನ ಬರಹದಲ್ಲಿ ಈ ವಿಷಯದ ಮಟ್ಟಿಗೆ ನಮ್ಮ ಬರಹದ ಸರಳತೆಯೇ ಇತ್ತು.

ಸಾಮ್ರಾಜ್ಯದ ಕೊನೆಯ ಶತಮಾನಗಳಲ್ಲಿ ಜನರ ಬಾಯಲ್ಲಿ ಬದಲಾವಣೆ ಮೊದಲಾಯಿತು. ಎ, ಇ ಸ್ವರಗಳನ್ನು ನುಡಿಯುವಾಗ ನಾಲಗೆ ಮುಂದಕ್ಕೆ ಬರುತ್ತದೆ. ಹಿಂದಿನ ಕಕಾರ ಗಕಾರಗಳನ್ನೂ ಅದು ತನ್ನೊಡನೆ ಮುಂದಕ್ಕೆ ಎಳೆದುಕೊಂಡಿತು. ಕಕಾರ ತಾಲವ್ಯದತ್ತ ಸರಿದು, ಸ್ಪೇನಿನ ನೆಲದಲ್ಲಿ ಕಾಲಕ್ರಮೇಣ 'ತ್ಸ' ಎಂಬಂತಾಯಿತು. ಇದು ಮಾನವನ ಬಾಯಿಯ ಸಹಜ ಗುಣ. ಬೆಳಗಾವಿಯಿಂದ ಮುಂಬಯಿಯವರೆಗಿನ ನಮ್ಮ ಓದುಗರು ಮರಾಠಿಯಲ್ಲಿ ಇಂಥದೊಂದು ಇಬ್ಬಗೆಯನ್ನು ದಿನವೂ ಕೇಳುತ್ತಾರೆ: ಒಂದೇ ಚಕಾರ 'ಚೋರ್' ಎಂಬಲ್ಲಿ 'ತ್ಸ' ಆಗಿ, 'ಚಿಂಚ್' ಎಂಬಲ್ಲಿ ನಮ್ಮ ಚಕಾರವೇ ಆಗಿ ಕೇಳಿಸುತ್ತದೆ. ಅಕ್ಷರ ಒಂದೇ, ಧ್ವನಿ ಎರಡು.

ಈ ಬದಲಾವಣೆ ಕ್ರಿಯಾಪದಗಳ ಒಳಗೂ ನುಗ್ಗಬೇಕಾಗಿತ್ತು. ನಮ್ಮ ಪಗಾರ್ ಪದವನ್ನೇ ನೋಡೋಣ. ಅದರ ಮೂಲ ಲ್ಯಾಟಿನ್ನಿನ 'ಪಾಕಾರೆ', ಎಂದರೆ 'ಶಾಂತಗೊಳಿಸು'; 'ಶಾಂತಿ' ಎಂಬರ್ಥದ 'ಪಾಕ್ಸ್' ಅದರ ಬೇರು. ಸಾಲಗಾರನು ಸಾಲ ಕೊಟ್ಟವನನ್ನು ಶಾಂತಗೊಳಿಸುವ ಬಗೆ ಒಂದೇ ಆದ್ದರಿಂದ 'ಶಾಂತಗೊಳಿಸು' ಎಂಬುದು 'ಹಣ ಸಲ್ಲಿಸು' ಎಂದಾಯಿತು. ಸ್ವರಗಳ ನಡುವಿನ ಕಕಾರ ಮೃದುವಾಗಿ ಗಕಾರವಾಯಿತು. ಪಾಕಾರೆ ಪಗಾರ್ ಆಯಿತು. ಆದರೆ 'ಸಲ್ಲಿಸಲಿ' ಎಂಬರ್ಥದ ಲ್ಯಾಟಿನ್ ರೂಪ 'ಪಾಕೆತ್'. ಇಲ್ಲಿ ಕಕಾರದ ಮುಂದೆ ಎಕಾರವಿದೆ. ಧ್ವನಿನಿಯಮದಂತೆ ನಡೆದಿದ್ದರೆ ಇದು ಇಂದು 'ಪಾಸೆ' ಎಂಬಂಥ ರೂಪವಾಗಬೇಕಿತ್ತು. ಆಗ 'ಕೊಡು' ಎಂಬುದಕ್ಕೆ 'ಪಾಗ', 'ಕೊಡಲಿ' ಎಂಬುದಕ್ಕೆ 'ಪಾಸೆ' ಎಂದಾಗಿ ಒಂದೇ ಕ್ರಿಯಾಪದ ಎರಡು ಮುಖಗಳನ್ನು ಹೊತ್ತು ನಿಲ್ಲುತ್ತಿತ್ತು.

ಜನ ಅದಕ್ಕೆ ಒಪ್ಪಲಿಲ್ಲ. ಪಗಾರ್ ಎಂಬುದರ ಎಲ್ಲ ರೂಪಗಳಲ್ಲಿಯೂ ಗಕಾರ ಕೇಳಿಸಬೇಕೆಂದು ಅವರ ಕಿವಿ ಬಯಸಿತು. 'ಪಾಗೆ' ಎಂದೇ ನುಡಿದರು. ಇದನ್ನು ಯಾವ ಪಂಡಿತನೂ ವಿಧಿಸಲಿಲ್ಲ. ಇತರ ರೂಪಗಳ ಸಾದೃಶ್ಯದಿಂದ ಜನರೇ ಧಾತುವಿನ ಧ್ವನಿಯನ್ನು ಉಳಿಸಿಕೊಂಡರು. 'ಗೆಲ್ಲು' ಎಂಬರ್ಥದ 'ಬೆನ್ಸೇರ್' ಕ್ರಿಯಾಪದದಲ್ಲಿ ಇದೇ ಕೆಲಸ ಎದುರು ದಿಕ್ಕಿನಲ್ಲಿ ನಡೆಯಿತು. ಅಲ್ಲಿ ಅಕಾರದ ಮುಂದೆ ಹಳೆಯ ಕಕಾರ ಉಳಿಯಬೇಕಿತ್ತು. ಜನ ಅದನ್ನೂ ಮೃದು ಧ್ವನಿಗೇ ಹೊಂದಿಸಿಕೊಂಡರು.

ಎಲ್ಲ ಕ್ರಿಯಾಪದಗಳಿಗೂ ಈ ಭಾಗ್ಯ ದೊರೆಯಲಿಲ್ಲ. 'ಹೇಳು' ಎಂಬರ್ಥದ 'ದೆಸೀರ್', 'ಮಾಡು' ಎಂಬರ್ಥದ 'ಅಸೇರ್' ಇವು ದಿನಕ್ಕೆ ನೂರು ಬಾರಿ ಬಾಯಲ್ಲಿ ಬರುವ ಪದಗಳು. ಹೆಚ್ಚು ಬಳಕೆಯ ಪದಗಳು ತಮ್ಮ ಹಳೆಯ ಒರಟುತನವನ್ನು ಬಿಡುವುದು ಕಡಿಮೆ. ಅವುಗಳ ಗೌರವದ ಆಜ್ಞಾರೂಪಗಳು ಇಂದಿಗೂ 'ದೀಗ', 'ಆಗ' ಎಂದೇ ಇವೆ; ಸಕಾರವೊಂದು ಕಡೆ, ಗಕಾರವೊಂದು ಕಡೆ. ಕನ್ನಡದಲ್ಲಿಯೂ 'ಬರು', 'ತರು' ಎಂಬ ನಿತ್ಯದ ಧಾತುಗಳೇ 'ಬಾ, ಬನ್ನಿ', 'ತಾ, ತನ್ನಿ' ಎಂದು ದಾರಿ ತಪ್ಪುತ್ತವೆ. ಅಪರೂಪದ ಧಾತುಗಳು ನಿಯಮಕ್ಕೆ ತಲೆಬಾಗಿ ನಡೆಯುತ್ತವೆ. ಹೀಗೆ ಸ್ಪ್ಯಾನಿಷಿನಲ್ಲಿ ಎರಡು ಬಗೆಯ ಕ್ರಿಯಾಪದಗಳಾದವು. ಮೊದಲನೆಯದರಲ್ಲಿ ಧ್ವನಿ ಒಡೆಯಿತು. ಎರಡನೆಯದರಲ್ಲಿ ಧ್ವನಿ ಉಳಿಯಿತು, ಆದರೆ ಬರೆಯುವವನಿಗೆ ಸಂಕಟವಾಯಿತು.

ಲಿಪಿಕಾರರ ಉಪಾಯ

ಬಾಯಿ 'ಪಾಗೆ', 'ಬೂಸ್ಕೆ' ಎನ್ನುತ್ತದೆ. ಬರೆಯಲು ಇರುವ ಅಕ್ಷರಗಳು ಎಕಾರದ ಮುಂದೆ ಬೇರೆಯದನ್ನೇ ನುಡಿಯುತ್ತವೆ. ಮಧ್ಯಯುಗದ ಲಿಪಿಕಾರರು ಹೊಸ ಅಕ್ಷರ ಸೃಷ್ಟಿಸಲಿಲ್ಲ, ಕೈಯಲ್ಲಿದ್ದ ಹಳೆಯ ಸಾಮಾನನ್ನೇ ಬಳಸಿದರು. ಲ್ಯಾಟಿನ್ನಿನ ಕ್ಯು-ಯು ಜೋಡಿ ಮೊದಲು 'ಕ್ವ' ಎಂದು ನುಡಿಯುತ್ತಿತ್ತು. ಸ್ಪೇನಿನಲ್ಲಿ ಎ, ಇ ಸ್ವರಗಳ ಮುಂದೆ ಅದರೊಳಗಿನ ವಕಾರ ಅಳಿದು ಬರಿಯ ಕಕಾರ ಉಳಿಯಿತು. ಜರ್ಮಾನಿಕ್ ಭಾಷೆಗಳಿಂದ ಬಂದ 'ಗೇರ್ರ', ಅಂದರೆ ಯುದ್ಧ, ಮೊದಲಾದ ಪದಗಳಲ್ಲಿ ಜಿ-ಯು ಜೋಡಿಗೂ ಇದೇ ಗತಿಯಾಗಿ ಬರಿಯ ಗಕಾರ ಉಳಿಯಿತು. ಹೀಗೆ ಎಕಾರ ಇಕಾರಗಳ ಮುಂದೆ ಕಕಾರ ಗಕಾರಗಳನ್ನು ತೋರಿಸುವ ಎರಡು ಜೋಡಿಗಳು ತಾವಾಗಿಯೇ ಒದಗಿಬಂದವು. 13ನೆಯ ಶತಮಾನದಲ್ಲಿ, 1252ರಿಂದ 1284ರವರೆಗೆ ಆಳಿದ ಹತ್ತನೆಯ ಅಲ್ಫೊನ್ಸೊ ದೊರೆಯ ಆಸ್ಥಾನದಲ್ಲಿ ಕಾನೂನು, ಚರಿತ್ರೆ, ಖಗೋಳಗಳೆಲ್ಲ ಲ್ಯಾಟಿನ್ ಬಿಟ್ಟು ಜನರ ಕ್ಯಾಸ್ಟಿಲಿಯನ್ ನುಡಿಯಲ್ಲಿ ಬರೆಯಲ್ಪಟ್ಟಾಗ ಈ ಬರಹದ ಪದ್ಧತಿಗೆ ಒಂದು ಸ್ಥಿರತೆ ಬಂದಿತು.

ಈ ಪದ್ಧತಿ ನಮ್ಮ ಕರಾವಳಿಗೂ ಬಂದಿದೆ. ಪೋರ್ಚುಗೀಸರದೂ ಇದೇ ಬರಹದ ಅಭ್ಯಾಸ. ಗೋವೆಗೆ ಹೋದವರು 'ಕೇಪೆ' ಎಂಬ ಊರಿನ ಹೆಸರು ಫಲಕದ ಮೇಲೆ ಕೆ ಅಕ್ಷರದ ಬದಲು ಕ್ಯು-ಯು ಜೋಡಿಯಿಂದ ಮೊದಲಾಗುವುದನ್ನು ಕಂಡು ತಡವರಿಸಿರಬಹುದು. 'ಬೂಸ್ಕೆ'ಯಲ್ಲಿ ಇರುವ ಮೌನ ಯುವೇ ಅಲ್ಲಿಯೂ ಇದೆ. 1579ರಲ್ಲಿ ಗೋವೆಗೆ ಬಂದ ಆಂಗ್ಲ ಪಾದ್ರಿ ಥಾಮಸ್ ಸ್ಟೀಫನ್ಸ್ ರಚಿಸಿದ ಕೊಂಕಣಿ ವ್ಯಾಕರಣ, ಅವನ ಮರಣಾನಂತರ 1640ರಲ್ಲಿ ಅಚ್ಚಾಯಿತು. ಅದರ ಹೆಸರಿನಲ್ಲಿ ಕೊಂಕಣಿಯನ್ನು 'ಕನಾರಿಂ' ನುಡಿ ಎಂದು ಕರೆದಿರುವುದು ಕನ್ನಡಿಗರ ಗಮನ ಸೆಳೆಯದೆ ಇರದು. ಗೋವೆಯಲ್ಲಿ ರೋಮನ್ ಲಿಪಿಯಲ್ಲಿ ಇಂಥ ಕಸರತ್ತು ಮಾಡಿದ ಅದೇ ಕೊಂಕಣಿಯನ್ನು ಮಂಗಳೂರಿನ ಕ್ರೈಸ್ತರು ಕನ್ನಡ ಲಿಪಿಯಲ್ಲಿ ಬರೆದರು. ಅಲ್ಲಿ ಕಕಾರಕ್ಕೆ ಏತ್ವ ಕೊಟ್ಟರೆ ಕೆಲಸ ಮುಗಿಯಿತು.

ಗೌರವ ತಂದ ಬದಲಾವಣೆ

ಇನ್ನೊಂದು ಪ್ರಶ್ನೆ ಉಳಿಯಿತು. ಗೆಳೆಯನಿಗೆ ಹೇಳುವ 'ಪಾಗ', 'ಬೂಸ್ಕ'ಗಳಲ್ಲಿ ಅಕ್ಷರ ಬದಲಾಗುವುದಿಲ್ಲ. ಗೌರವದ ರೂಪಗಳಲ್ಲಿ ಮಾತ್ರ ಏಕೆ ಬದಲಾಗಬೇಕು?

'ಪಾಗ' ಎಂಬುದು ಲ್ಯಾಟಿನ್ನಿನ ನೇರವಾದ ಆಜ್ಞಾರೂಪದಿಂದ ಬಂದದ್ದು. 'ಪಾಗೆ' ಹುಟ್ಟಿನಿಂದ ಆಜ್ಞೆಯೇ ಅಲ್ಲ, ಅದು ಹಾರೈಕೆ. ಕನ್ನಡ ಶಾಲಾ ವ್ಯಾಕರಣವನ್ನು ಓದಿದವರಿಗೆ ಇದು ಬೇಗ ತಿಳಿಯುತ್ತದೆ. ನಮ್ಮ 'ವಿಧ್ಯರ್ಥಕ' ಎಂಬ ವಿಭಾಗದಲ್ಲಿ ಅಪ್ಪಣೆಯೂ ಇದೆ, ಆಶೀರ್ವಾದವೂ ಇದೆ, ಹಾರೈಕೆಯೂ ಇದೆ. 'ಮಾಡು' ಎಂಬುದೂ 'ಮಾಡಲಿ' ಎಂಬುದೂ ಒಂದೇ ಸೂರಿನಡಿ ಇವೆ. ಸ್ಪ್ಯಾನಿಷಿನ 'ಪಾಗೆ' ನಮ್ಮ 'ಕೊಡಲಿ' ಎಂಬುದಕ್ಕೆ ಸಮ.

ಎದುರಿಗಿರುವವರಿಗೆ 'ಕೊಡಲಿ' ಎಂದು ಪ್ರಥಮಪುರುಷದಲ್ಲಿ ಹೇಳುವುದು ಹೇಗೆ ಬಂದಿತು? 16ನೆಯ ಶತಮಾನದ ಸ್ಪೇನಿನಲ್ಲಿ ಗೌರವಸೂಚಕಗಳ ಹಾವಳಿ ಮಿತಿಮೀರಿತ್ತು. ಹಿಂದೆ ಮಾನ್ಯರಿಗೆ ಸಲ್ಲುತ್ತಿದ್ದ 'ವೋಸ್' ಎಂಬ ಸರ್ವನಾಮ ಸವೆದು ಅಗ್ಗವಾಗಿತ್ತು. ಅದರ ಸ್ಥಾನದಲ್ಲಿ 'ವುಎಸ್ತ್ರ ಮೆರ್ಸೇದ್', ಅಂದರೆ 'ತಮ್ಮ ಅನುಗ್ರಹ', ಎಂಬ ಸಂಬೋಧನೆ ಹಬ್ಬಿತು. ಯಾರನ್ನು ಹೇಗೆ ಕರೆಯಬೇಕು ಎಂಬುದನ್ನು ನಿಯಂತ್ರಿಸಲು ಎರಡನೆಯ ಫಿಲಿಪ್ ದೊರೆ 1586ರಲ್ಲಿ ಶಾಸನವನ್ನೇ ಹೊರಡಿಸಬೇಕಾಯಿತು. ಸೆರ್ವಾಂತೆಸ್‌ನ ಕಾದಂಬರಿಯಲ್ಲಿ ಸಾಂಚೊ ತನ್ನ ಒಡೆಯ ಡಾನ್ ಕಿಹೋತೆಯನ್ನು ಸಂಬೋಧಿಸುವುದು ಈ ಹೆಸರಿನಿಂದಲೇ. ದಿನವೂ ಸಾವಿರ ಬಾಯಿಗಳಲ್ಲಿ ಸವೆದು ಸವೆದು ಅದು 17ನೆಯ ಶತಮಾನದಲ್ಲಿ 'ಉಸ್ತೇದ್' ಎಂಬ ಚಿಕ್ಕ ಪದವಾಯಿತು. ಇಂದು ಸ್ಪ್ಯಾನಿಷ್ ಕಲಿಯುವವರು 'ತಾವು' ಎಂಬರ್ಥದಲ್ಲಿ ಮೊದಲ ಪಾಠದಲ್ಲಿಯೇ ಕಲಿಯುವುದು ಇದನ್ನೇ.

'ಅನುಗ್ರಹ'ವು ಪ್ರಥಮಪುರುಷ. ಅನುಗ್ರಹಕ್ಕೆ 'ಕೊಡು' ಎಂದು ಆಜ್ಞೆ ಮಾಡಲಾಗದು; 'ತಮ್ಮ ಅನುಗ್ರಹವು ಕೊಡಲಿ' ಎಂದು ಹಾರೈಸಬಹುದು. ನಮ್ಮಲ್ಲಿ 'ತಾವು ದಯಮಾಡಿಸಬೇಕು' ಎನ್ನುವಾಗ ಆಜ್ಞೆ ಹೇಗೆ ವಿನಂತಿಯ ಉಡುಗೆ ತೊಡುತ್ತದೆಯೋ ಹಾಗೆ. ಈ ಹಾರೈಕೆಯ ರೂಪದಲ್ಲಿ ಸ್ವರ ತಿರುವುಮುರುವಾಗುತ್ತದೆ: ಅಕಾರದ ಕ್ರಿಯಾಪದಗಳಿಗೆ ಎಕಾರ, ಎಕಾರ ಇಕಾರದವುಗಳಿಗೆ ಅಕಾರ. ಸ್ವರ ತಿರುಗಿದಾಗ ಹಿಂದಿನ ಸಿ, ಜಿ, ಝೆಡ್ ಅಕ್ಷರಗಳು ಅಲುಗುತ್ತವೆ. 'ನಾವೆಲ್ಲ ಹುಡುಕೋಣ', 'ತಾವೆಲ್ಲರೂ ಹುಡುಕಿ' ಎಂಬವೂ ಇದೇ ರೂಪದಿಂದ ಆದವುಗಳಾದ್ದರಿಂದ ಅಲ್ಲಿಯೂ ಹೀಗೆಯೇ. ಗೆಳೆಯನಿಗೆ 'ಹುಡುಕಬೇಡ' ಎನ್ನುವಾಗಲೂ ಹಾರೈಕೆಯ ರೂಪವೇ ಬರುವುದರಿಂದ ಅಕ್ಷರ ಬದಲಾಗುತ್ತದೆ. ನೇರವಾದ 'ಹುಡುಕು' ಮಾತ್ರ ಮೂಲದ ಅಕ್ಷರಗಳಲ್ಲಿಯೇ ನಿಲ್ಲುತ್ತದೆ. ಅರ್ಜೆಂಟೀನದವರು ಉಸ್ತೇದ್‌ನ ಜೊತೆಗೆ ಆಪ್ತರಲ್ಲಿ ಹಳೆಯ 'ವೋಸ್' ಪದವನ್ನೇ ಉಳಿಸಿಕೊಂಡು 'ಬುಸ್ಕಾ', 'ಪಗಾ' ಎನ್ನುತ್ತಾರೆ. ಅದು ಹಳೆಯ ನೇರ ಆಜ್ಞೆಯ ಬಹುವಚನದಿಂದ ಬಂದದ್ದಾದ್ದರಿಂದ ಅಲ್ಲಿಯೂ ಅಕ್ಷರಕ್ಕೆ ತೊಂದರೆಯಿಲ್ಲ.

ಅಕ್ಷರಗಳ ಮೇಲಿನ ಆಜ್ಞೆ

ಈ ಸುತ್ತುದಾರಿಯ ಬರಹವನ್ನು ನೇರಗೊಳಿಸಬಾರದೇ ಎಂದು ಸ್ಪೇನಿನವರೇ ಹಲವು ಬಾರಿ ಕೇಳಿದ್ದಾರೆ. 1492ರಲ್ಲಿ ಆಂತೋನಿಯೊ ದೆ ನೆಬ್ರೀಹ ತನ್ನ ಕ್ಯಾಸ್ಟಿಲಿಯನ್ ವ್ಯಾಕರಣವನ್ನು ಅಚ್ಚು ಹಾಕಿಸಿ ಇಸಾಬೆಲ್ ರಾಣಿಗೆ ಅರ್ಪಿಸಿದ. ಕೊಲಂಬಸ್ ಹಡಗು ಹತ್ತಿದ ವರ್ಷವೂ ಅದೇ. ಭಾಷೆ ಮತ್ತು ಸಾಮ್ರಾಜ್ಯಗಳು ಜೊತೆಗಾರರೆಂದೂ, ಗೆದ್ದವರ ಕಾನೂನುಗಳನ್ನು ಸೋತವರು ಪಾಲಿಸಬೇಕಾದಾಗ ಅವರಿಗೆ ಗೆದ್ದವರ ಭಾಷೆ ಬೇಕಾಗುವುದೆಂದೂ, ಆಗ ತನ್ನ ವ್ಯಾಕರಣ ಉಪಯೋಗಕ್ಕೆ ಬರುವುದೆಂದೂ ಅವನು ಮುನ್ನುಡಿಯಲ್ಲಿ ವಾದಿಸಿದ. ಆಜ್ಞೆ ಮಾಡುವವರ ಪಕ್ಕದಲ್ಲಿ ನಿಂತು ಬರೆದ ಪುಸ್ತಕವದು. ಆದರೆ ಕಾಗುಣಿತದ ವಿಷಯದಲ್ಲಿ ಅವನ ತತ್ತ್ವ ಸಾಮಾನ್ಯನ ಪರವಾಗಿತ್ತು: ನುಡಿದಂತೆ ಬರೆಯಬೇಕು, ಬರೆದಂತೆ ನುಡಿಯಬೇಕು. ಸಿ, ಕೆ, ಕ್ಯು ಎಂಬ ಮೂರೂ ಒಂದೇ ಕೆಲಸ ಮಾಡುತ್ತಿರುವುದರಿಂದ ಎರಡು ಅನಗತ್ಯವೆಂದು ಅವನು ಕಂಡಿದ್ದ. 1630ರಲ್ಲಿ ಸಲಮಾಂಕದ ಪ್ರಾಧ್ಯಾಪಕ ಗೊನ್ಸಾಲೊ ಕೊರ್ರೇಯಸ್ ಇನ್ನೂ ಮುಂದೆ ಹೋಗಿ, ಎಲ್ಲ ಕಕಾರಗಳಿಗೂ ಕೆ ಅಕ್ಷರವನ್ನೇ ಬಳಸಿ ತನ್ನ ಕಾಗುಣಿತದ ಪುಸ್ತಕವನ್ನು ಪ್ರಕಟಿಸಿದ. ಅವನ ಮಾತು ನಡೆದಿದ್ದರೆ 'ಬೂಸ್ಕ', 'ಬೂಸ್ಕೆ'ಗಳ ಭೇದ ಅಂದೇ ಮುಗಿಯುತ್ತಿತ್ತು. ಯಾರೂ ಅವನನ್ನು ಅನುಸರಿಸಲಿಲ್ಲ.

1713ರಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ಪ್ಯಾನಿಷ್ ಅಕಾಡೆಮಿ ಸ್ಥಾಪಿತವಾಯಿತು. 1726ರಿಂದ 1739ರವರೆಗೆ ಆರು ಸಂಪುಟಗಳ ನಿಘಂಟು, 1741ರಲ್ಲಿ ಕಾಗುಣಿತದ ಗ್ರಂಥ ಹೊರಬಂದವು. ಬಾಲವಿದ್ದ ಹಳೆಯ ಸಿ ಅಕ್ಷರವನ್ನು ಅಕಾಡೆಮಿ ಕೈಬಿಟ್ಟಿತು. 'ಎಂಪೆಸಾರ್' ಮೊದಲಾದವುಗಳಲ್ಲಿ ಆ ಸ್ಥಾನಕ್ಕೆ ಝೆಡ್ ಬಂದಿತು. 1815ರಲ್ಲಿ, ಯು ನಿಜವಾಗಿ ನುಡಿಯುವ ಕಡೆಗಳಲ್ಲಿ ಕ್ಯು ತೆಗೆದು ಸಿ ಹಾಕಬೇಕೆಂದು ವಿಧಿಸಿತು. ಅಂದಿನಿಂದ ಕ್ಯು-ಯು ಜೋಡಿಗೆ ಎ, ಇ ಸ್ವರಗಳ ಮುಂದೆ ಕಕಾರ ತೋರಿಸುವ ಕೆಲಸವೊಂದೇ ಉಳಿಯಿತು. ಇಂದಿನ ವಿದ್ಯಾರ್ಥಿ ಕಲಿಯುವ ಪಟ್ಟಿ ಹೆಚ್ಚು ಕಡಿಮೆ ಆಗ ಸಿದ್ಧವಾಯಿತು.

ಅದೇ ಕಾಲದಲ್ಲಿ ಅಮೆರಿಕ ಖಂಡದ ವಸಾಹತುಗಳು ಸ್ಪೇನಿನ ಆಜ್ಞೆಯನ್ನು ಧಿಕ್ಕರಿಸುತ್ತಿದ್ದವು. 1810ರಲ್ಲಿ ಬೊಲಿವಾರ್‌ನ ಜೊತೆ ರಾಯಭಾರಕ್ಕೆಂದು ಲಂಡನ್ನಿಗೆ ಬಂದ ವೆನೆಜುವೆಲದ ವಿದ್ವಾಂಸ ಆಂದ್ರೆಸ್ ಬೆಯ್ಯೊ ಅಲ್ಲಿಯೇ 1829ರವರೆಗೆ ಉಳಿದ. ಆ ಪರದೇಶವಾಸದಲ್ಲಿ, 1823ರಲ್ಲಿ, ಹುವಾನ್ ಗಾರ್ಸಿಯ ದೆಲ್ ರೀಯೊ ಎಂಬ ಸಹಚರನೊಡನೆ ಅವನು ಸ್ಪ್ಯಾನಿಷ್ ಕಾಗುಣಿತದ ಸುಧಾರಣೆಯನ್ನು ಮುಂದಿಟ್ಟ. ಎರಡು ಹಂತಗಳ ಯೋಜನೆ. ಮೊದಲ ಹಂತದಲ್ಲಿ ಗಂಟಲಿನ ಹಕಾರಕ್ಕೆಲ್ಲ ಜೆ, ಮೃದುವಾದ ಸಿ ಗೆಲ್ಲ ಝೆಡ್. ಮೌನವಾದ ಎಚ್ ರದ್ದು. ಕ್ಯು ಪಕ್ಕದ ಮೌನ ಯು ರದ್ದು. ಎರಡನೆಯ ಹಂತದಲ್ಲಿ ಕಕಾರಕ್ಕೆಲ್ಲ ಕ್ಯು. ಜಿ ಪಕ್ಕದ ಮೌನ ಯು ಕೂಡ ರದ್ದು. ಈ ಎರಡು ಹಂತಗಳನ್ನು ನಮ್ಮ ಕ್ರಿಯಾಪದಗಳಿಗೆ ಹೊಂದಿಸಿ ನೋಡಿದರೆ ಪಟ್ಟಿಯೇ ಮಾಯವಾಗುತ್ತದೆ. ಬೂಸ್ಕ, ಬೂಸ್ಕೆ ಎರಡಕ್ಕೂ ಕ್ಯು. ಪಾಗ, ಪಾಗೆ ಎರಡಕ್ಕೂ ಬರಿಯ ಜಿ. ರೆಕೋಹೆ, ರೆಕೋಹ ಎರಡಕ್ಕೂ ಜೆ. ಒಂದು ಧ್ವನಿಗೆ ಒಂದು ಅಕ್ಷರ.

ಬೆಯ್ಯೊನ ಉದ್ದೇಶ ಬಂಡಾಯವಾಗಿರಲಿಲ್ಲ. ಹೊಸ ಗಣರಾಜ್ಯಗಳಲ್ಲಿ ಅಕ್ಷರ ಬಾರದ ಜನಕ್ಕೆ ಓದು ಸುಲಭವಾಗಬೇಕೆಂಬುದು ಅವನ ಆಸೆ. ರೋಮ್ ಕುಸಿದ ಮೇಲೆ ಲ್ಯಾಟಿನ್ ಚೂರಾದಂತೆ ಸ್ಪ್ಯಾನಿಷ್ ಕೂಡ ದೇಶಕ್ಕೊಂದು ಭಾಷೆಯಾಗಿ ಒಡೆದೀತೆಂಬುದು ಅವನ ಭಯ. ಆ ಭಯದಿಂದಲೇ ಅವನು 1847ರಲ್ಲಿ ಅಮೆರಿಕದವರ ಬಳಕೆಗೆಂದು ತನ್ನ ಪ್ರಸಿದ್ಧ ವ್ಯಾಕರಣವನ್ನು ಪ್ರಕಟಿಸಿದ.

ಅಷ್ಟರಲ್ಲಿ ಚಿಲಿ ದೇಶದಲ್ಲಿ ಕಾಗುಣಿತದ ಪ್ರಶ್ನೆ ಸಾರ್ವಜನಿಕ ವಾಗ್ವಾದವಾಗಿತ್ತು. 1843ರಲ್ಲಿ ಬೆಯ್ಯೊ ಚಿಲಿ ವಿಶ್ವವಿದ್ಯಾಲಯದ ಮೊದಲ ಮುಖ್ಯಸ್ಥನಾದ. ಅದೇ ವರ್ಷ, ಅರ್ಜೆಂಟೀನದಿಂದ ದೇಶಭ್ರಷ್ಟನಾಗಿ ಅಲ್ಲಿದ್ದ, ಮುಂದೆ ತನ್ನ ದೇಶದ ಅಧ್ಯಕ್ಷನೂ ಆದ ದೊಮಿಂಗೊ ಸಾರ್ಮ್ಯೇಂತೊ ಅದೇ ವಿಶ್ವವಿದ್ಯಾಲಯದಲ್ಲಿ ಒಂದು ನಿಬಂಧವನ್ನು ಮಂಡಿಸಿದ. ಅಮೆರಿಕದವರು ಅಮೆರಿಕದವರು ನುಡಿಯುವಂತೆಯೇ ಬರೆಯಲಿ, ಝೆಡ್ ಧ್ವನಿ ನಮ್ಮ ಬಾಯಲ್ಲಿ ಇಲ್ಲದ ಮೇಲೆ ಆ ಅಕ್ಷರವೇಕೆ, ಎಂಬುದು ಅವನ ವಾದ. ವಿಶ್ವವಿದ್ಯಾಲಯ ಅಷ್ಟು ದೂರ ಹೋಗಲಿಲ್ಲ. 1844ರಲ್ಲಿ ಬೆಯ್ಯೊನ ಪ್ರಸ್ತಾಪಕ್ಕೆ ಹತ್ತಿರವಾದ ಸೌಮ್ಯ ಸುಧಾರಣೆಯನ್ನು ಒಪ್ಪಿತು. ಇತ್ತ ಮ್ಯಾಡ್ರಿಡ್‌ನಲ್ಲಿಯೂ ಕೆಲವು ಶಾಲಾ ಶಿಕ್ಷಕರು ಸೇರಿ ಧ್ವನಿಗೆ ತಕ್ಕ ಕಾಗುಣಿತವನ್ನು ತಮ್ಮ ತರಗತಿಗಳಲ್ಲಿ ಕಲಿಸತೊಡಗಿದ್ದರು. ಅದೇ 1844ರಲ್ಲಿ ಎರಡನೆಯ ಇಸಾಬೆಲ್ ರಾಣಿಯ ಆದೇಶ ಹೊರಬಿದ್ದಿತು: ಶಾಲೆಗಳಲ್ಲಿ ಅಕಾಡೆಮಿಯ ಕಾಗುಣಿತವೊಂದೇ ನಡೆಯತಕ್ಕದ್ದು. ಸ್ಪೇನಿನ ಪ್ರಯೋಗ ಅಲ್ಲಿಗೆ ಮುಗಿಯಿತು.

ಚಿಲಿಯ ಸುಧಾರಣೆಯಲ್ಲಿಯೂ ಎಲ್ಲ ಉಳಿಯಲಿಲ್ಲ. ಕ್ಯು ಪಕ್ಕದ ಮೌನ ಯು ತಿರುಗಿ ಬಂದಿತು. ಹಕಾರಕ್ಕೆ ಜೆ, ಸ್ವರವಾದ ವೈ ಅಕ್ಷರಕ್ಕೆ ಐ, ಇಂಥ ಕೆಲವು ಅಂಶಗಳು ಮಾತ್ರ ಬೇರೂರಿದವು. ಆದ್ದರಿಂದ ಎಂಟು ದಶಕಗಳ ಕಾಲ ಚಿಲಿಯ ಮಕ್ಕಳಿಗೆ 'ರೆಕೊಹೇರ್', 'ದಿರಿಹೀರ್' ಮೊದಲಾದವು ಕಾಗುಣಿತ ಬದಲಾಗುವ ಕ್ರಿಯಾಪದಗಳೇ ಆಗಿರಲಿಲ್ಲ. ಮೂಲರೂಪದಲ್ಲಿಯೂ ಜೆ, ಆಜ್ಞಾರೂಪದಲ್ಲಿಯೂ ಜೆ. ಆದರೆ ನೆರೆಹೊರೆಯ ದೇಶಗಳು ಬಹುಮಟ್ಟಿಗೆ ಅಕಾಡೆಮಿಯ ಪದ್ಧತಿಯನ್ನೇ ಹಿಡಿದವು. ಚಿಲಿಯ ಪುಸ್ತಕ ಹೊರದೇಶದಲ್ಲಿ ವಿಚಿತ್ರವಾಗಿ ಕಂಡಿತು. ಹೊರಗಿನ ಪುಸ್ತಕ ಚಿಲಿಯ ಮಕ್ಕಳಿಗೆ ತಪ್ಪು ಕಾಗುಣಿತದ್ದಾಗಿ ಕಂಡಿತು. ಐಕ್ಯಕ್ಕಾಗಿ ಹೊರಟ ಬೆಯ್ಯೊನ ಸುಧಾರಣೆ ಒಂದೇ ದೇಶದಲ್ಲಿ ನಿಂತು ಒಡಕಿನ ಗುರುತಾಯಿತು. ಕೊನೆಗೆ ಇಬಾನ್ಯೆಸ್ ಸರಕಾರದ ಆದೇಶದಂತೆ 1927ರ ಅಕ್ಟೋಬರ್ 12ರಿಂದ ಚಿಲಿ ಅಕಾಡೆಮಿಯ ಕಾಗುಣಿತಕ್ಕೆ ಮರಳಿತು. ಆ ದಿನ ಕೊಲಂಬಸ್ ಅಮೆರಿಕದ ನೆಲ ಮುಟ್ಟಿದ ದಿನ.

ಚರ್ಚೆ ಮಾತ್ರ ಮುಗಿದಿಲ್ಲ. 1997ರಲ್ಲಿ ಮೆಕ್ಸಿಕೊದ ಸಕಾತೇಕಸ್ ನಗರದಲ್ಲಿ ಸೇರಿದ ಸ್ಪ್ಯಾನಿಷ್ ಭಾಷಾ ಸಮ್ಮೇಳನದಲ್ಲಿ ಗಾಬ್ರಿಯೆಲ್ ಗಾರ್ಸಿಯ ಮಾರ್ಕೆಸ್ ಕಾಗುಣಿತಕ್ಕೆ ನಿವೃತ್ತಿ ಕೊಡಬೇಕೆಂದು ಹೇಳಿ, ಜಿ ಮತ್ತು ಜೆಗಳ ಗಡಿಜಗಳವನ್ನು ಪ್ರಸ್ತಾಪಿಸಿ ಕೋಲಾಹಲ ಎಬ್ಬಿಸಿದ. 2010ರಲ್ಲಿ ಸ್ಪೇನ್, ಅಮೆರಿಕ, ಫಿಲಿಪ್ಪೀನ್ಸ್‌ಗಳ ಅಕಾಡೆಮಿಗಳೆಲ್ಲ ಸೇರಿ ಪ್ರಕಟಿಸಿದ ಕಾಗುಣಿತ ಗ್ರಂಥದಲ್ಲಿಯೂ 'ಬೂಸ್ಕೆ'ಯ ಕ್ಯು-ಯು ಹಾಗೆಯೇ ಇದೆ. ಆದರೆ ಆಜ್ಞೆ ಈಗ ಮ್ಯಾಡ್ರಿಡ್ ಒಂದರಿಂದಲೇ ಹೊರಡುವುದಿಲ್ಲ.

ನಮಗೆ ಇದರಿಂದ ಏನು?

ಈ ಚರಿತ್ರೆಯನ್ನು ಓದುವಾಗ ನಮ್ಮ ಲಿಪಿಯ ಸೌಲಭ್ಯವನ್ನು ಕುರಿತು ಹೆಮ್ಮೆ ಮೂಡುವುದು ಸಹಜ. ಆದರೆ ಧ್ವನಿ ಮತ್ತು ಅಕ್ಷರಗಳ ಜಗಳ ನಮ್ಮಲ್ಲಿಯೂ ನಡೆದಿದೆ. 13ನೆಯ ಶತಮಾನದ ಕೇಶಿರಾಜ ರೞಕಾರವುಳ್ಳ ಪದಗಳನ್ನು ಪಟ್ಟಿ ಮಾಡಬೇಕಾದದ್ದು, ಜನರ ಬಾಯಲ್ಲಿ ಆ ಧ್ವನಿ ಕದಲುತ್ತಿದ್ದುದರಿಂದಲೇ ಇರಬೇಕು. ನಾವು ಆ ಅಕ್ಷರವನ್ನು ಬಿಟ್ಟೆವು. ಹಳಗನ್ನಡದ ಓದು ಅಷ್ಟರಮಟ್ಟಿಗೆ ದೂರವಾಯಿತು. ನಮ್ಮ ಕಾಲದಲ್ಲಿ ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣಗಳನ್ನು ಕೈಬಿಡಬೇಕೆಂದು ವಾದಿಸಿದಾಗ ಎದ್ದ ವಾದವಿವಾದಗಳಲ್ಲಿ, ಬೆಯ್ಯೊನ ಕಾಲದ ಎರಡು ಪಕ್ಷಗಳೂ ಕೇಳಿಸುತ್ತವೆ: ಕಲಿಯುವ ಮಗುವಿಗೆ ಸುಲಭವಾಗಲಿ ಎಂಬ ಪಕ್ಷ ಒಂದು, ಹಿಂದಿನ ಪುಸ್ತಕಗಳಿಂದ, ಬೇರೆ ಊರಿನ ಓದುಗರಿಂದ ದೂರವಾಗುವುದು ಬೇಡ ಎಂಬ ಪಕ್ಷ ಇನ್ನೊಂದು. ಎರಡರಲ್ಲಿಯೂ ನ್ಯಾಯವಿದೆ.

ಹೊರನಾಡಿನ ನಮಗೆ ಇನ್ನೊಂದು ಹತ್ತಿರದ ಪ್ರಶ್ನೆಯಿದೆ. ಕನ್ನಡ ಮಾತನಾಡಬಲ್ಲ, ಆದರೆ ಕನ್ನಡ ಲಿಪಿ ಬಾರದ ನಮ್ಮ ಮಕ್ಕಳು ಮೊಬೈಲಿನಲ್ಲಿ ರೋಮನ್ ಅಕ್ಷರಗಳಿಂದ ಕನ್ನಡ ಬರೆಯುತ್ತಾರೆ. ಮುಂಬಯಿಯ ಮಗು ಒಂದು ರೀತಿ ಬರೆದರೆ ಚೆನ್ನೈಯ ಮಗು ಇನ್ನೊಂದು ರೀತ. ಬಸ್ಸಿನಲ್ಲಿರುವ ತಮ್ಮನಿಗೆ 'ಇಳಿ' ಎಂದು ಕಳಿಸಿದ ಆಜ್ಞೆ ಆ ಅಕ್ಷರಗಳಲ್ಲಿ 'ಇಲಿ' ಎಂದೂ ಓದಿಸಿಕೊಳ್ಳುತ್ತದೆ. 'ಬೆಳೆ'ಯೂ 'ಬೆಲೆ'ಯೂ ಒಂದೇ ಆಗುತ್ತವೆ. ಮಾತು ಬಲ್ಲವರಿಗೆ ಸಂದರ್ಭದಿಂದ ಅರ್ಥವಾದೀತು. ಮಾತನ್ನೇ ಅರ್ಧ ಮರೆತ ಮುಂದಿನ ತಲೆಮಾರಿಗೆ ಆಗದು. ಸ್ಪೇನಿನ ಲಿಪಿಕಾರರು ತಮ್ಮ ಜನ ಉಳಿಸಿಕೊಂಡ ಒಂದು ಗಕಾರವನ್ನು ಬರಹದಲ್ಲಿಯೂ ಉಳಿಸಲು ಒಂದು ಮೌನ ಅಕ್ಷರದ ಭಾರವನ್ನು ಹೊತ್ತರು. ಮುಂದಿನ ಶತಮಾನಗಳ ವಿದ್ಯಾರ್ಥಿಗಳೂ ಗೊಣಗುತ್ತ ಅದನ್ನು ಹೊರುತ್ತಿದ್ದಾರೆ. ನಮಗೆ ಅಂಥ ಭಾರವಿಲ್ಲ. ಳಕಾರಕ್ಕೆ ಬೇರೆ ಅಕ್ಷರ ಸಿದ್ಧವಾಗಿಯೇ ಇದೆ. ಮಕ್ಕಳಿಗೆ ಅದನ್ನು ಕಲಿಸುವ ಕೆಲಸವಷ್ಟೇ ಉಳಿದಿದೆ.